ಹಳೇ ರೇಡಿಯೇಷನ್ನೇ ಬೇಕಂತೆ ಅಪ್ಪನಿಗೆ

ಅಮ್ಮಾ,

ನಿನ್ನ ಗಂಡನ ಜೊತೆ ಏಗಿ ಏಗಿ ನನಗೆ ಸಾಕಾಗಿದೆ. ನಿನಗೆ ಬಂದಿದ್ದ ಗಂಟಲ ಕ್ಯಾನ್ಸರೇ ಈಗ ಅಪ್ಪನಿಗೂ ಬಂದಿದೆ. ಇವತ್ತು ಡಾಕ್ಟರು ರೇಡಿಯೇಷನ್ನಿನ ಎರಡು ಬಗೆಗಳನ್ನು ಬಿಡಿಸಿ ಹೇಳಿದರು. ನಿನಗೆ ಕೊಟ್ಟಿದ್ದ ಹಳೆಯ ಬಗೆಯಲ್ಲಿ ಕಿರಣ ಗಡ್ಡೆಯ ಸುತ್ತಲಿನದನ್ನೂ ಸುಡುತ್ತದೆ, ಬಾಯಿಯ ಜೊಲ್ಲೇ ಬತ್ತಿಹೋಗುತ್ತದೆ. ಹೊಸದರಲ್ಲಿ ಕಿರಣವನ್ನು ಗಡ್ಡೆಯ ಆಕಾರಕ್ಕೆ ಹೊಂದಿಸಿ ಬಿಡುತ್ತಾರೆ, ಜೊಲ್ಲಿನ ಗ್ರಂಥಿ ಬಹುಮಟ್ಟಿಗೆ ಉಳಿಯುತ್ತದೆ.

"ನನಗೆ ಹಳೇದೇ ಕೊಡಿ," ಅಂದುಬಿಟ್ಟರು ಅಪ್ಪ.

"ನಿಮಗೇನು ತಲೆ ಕೆಟ್ಟಿದ್ಯಾ?" ಎಂದು ರೇಗಿದೆ.

"ಅವಳು ತಡ್ಕೊಂಡ್ಲು. ನಾನೂ ತಡ್ಕೋತೀನಿ."

"ಆ ಮೆಷಿನ್ ಈಗ ನಮ್ಮಲ್ಲಿಲ್ಲ ಯಜಮಾನ್ರೇ," ಎಂದರು ಡಾಕ್ಟರು.

"ಹಾಗಾದ್ರೆ ಇರೋ ಆಸ್ಪತ್ರೆಗೆ ಚೀಟಿ ಕೊಡಿ."

ನನಗೆ ತಡೆಯಲಾಗಲಿಲ್ಲ. ಅಪ್ಪನನ್ನು ಕಾರಿಡಾರಿಗೆ ಎಳೆದು ತಂದು, "ನಿಮ್ಮ ಬಾಯಿ ಒಣಗಿದ್ರೆ ಅಮ್ಮನ ಬಾಯಿ ಒದ್ದೆ ಆಗುತ್ತಾ?" ಎಂದು ಕೂಗಿದೆ. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಒಳಗೆ ಹೋಗಿ, "ಹೊಸದೇ ಮಾಡಿ," ಎಂದರು.

ಗೆದ್ದೆ ಅಂದುಕೊಂಡೆ. ಮನೆಗೆ ಬಂದು ಊಟಕ್ಕೆ ಬಡಿಸಿದರೆ ಪ್ರತಿ ತುತ್ತಿಗೂ ನೀರು ಕುಡಿದು ನುಂಗುತ್ತಿದ್ದಾರೆ, ಕಡೆಕಡೆಗೆ ನೀನು ನುಂಗುತ್ತಿದ್ದ ಹಾಗೆ. ಚಿಕಿತ್ಸೆ ಇನ್ನೂ ಶುರುವೇ ಆಗಿಲ್ಲ. ನೀನಾದರೂ ಒಂದು ಮಾತು ಬೈಯಬಾರದೇ ಅಮ್ಮಾ.