ಜೋಳದ ಕಡ್ಡಿಯ ಅಳತೆ

೧೫ ಜೂನ್ ೧೯೪೧, ಭಾನುವಾರ

ಬೂಟಿನ ಗಲಾಟೆ ಇವತ್ತಿಗೆ ಮುಗಿಯಿತು. ಗೆದ್ದವಳು ನಾನು.

ಮಂಗಳವಾರ ಮಗಳು ನೀಲಮ್ಮ ಆದವಾನಿಯ ಶಾಲೆಗೆ ಸೇರಬೇಕು, ಅಲ್ಲಿಗೆ ಬೂಟು ಹಾಕಿಕೊಂಡೇ ಹೋಗಬೇಕು. ನಾಳೆ ಸೋಮವಾರ, ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇವತ್ತು ಬಿಟ್ಟರೆ ಬಂಡಿಯೇ ಇಲ್ಲ.

ಬೆಳಿಗ್ಗೆ ನಮ್ಮ ಮನೆಯವರು ಮಲಗಿದ್ದ ಮಗಳ ಪಾದಕ್ಕೆ ಜೋಳದ ಕಡ್ಡಿ ಹಿಡಿದು, ಅಳತೆಗೆ ಮುರಿದು ಜೇಬಿಗೆ ಹಾಕಿಕೊಂಡರು. ಈ ಮನೆಯಲ್ಲಿ ಹೆಂಗಸರ ಕಾಲು ಅಂಗಡಿಗೆ ಹೋಗುವುದಿಲ್ಲ, ಕಡ್ಡಿ ಹೋಗುತ್ತದೆ. ಬಂಡಿ ಹೊರಡುವ ಹೊತ್ತಿಗೆ ನಾನು ಮಗಳನ್ನು ಎತ್ತಿ ಕೂರಿಸಿ, ಪಕ್ಕದಲ್ಲಿ ಹತ್ತಿ ಕೂತೆ.

"ಹೆಣ್ಣಕೂಸು ಪ್ಯಾಟಿಗ್ಯಾಕ? ಕಡ್ಡಿ ಸಾಕಲ್ಲ?" ಅಂದರು ಅತ್ತೆ.

"ಸಾಲಿಗೆ ಹೋಗಾಕಿ ನೀಲಮ್ಮ ರೀ ಅತ್ತಿ, ಕಡ್ಡಿ ಅಲ್ಲ."

ಸಂಜೆ ಅಂಗಡಿಯಲ್ಲಿ ಬೂಟು ಕಡ್ಡಿಗೆ ಸರಿಹೋಯಿತು. ಮಗಳ ಹಿಮ್ಮಡಿ ಮಾತ್ರ ಒಳಗೆ ಇಳಿಯಲಿಲ್ಲ.

"ಹಾಕ್ಕೊಂತ ಹಾಕ್ಕೊಂತ ಸಡ್ಲ ಆಕ್ಕೈತಿ ಬಿಡು," ಅಂದರು ಇವರು.

ಆಗುವುದಿಲ್ಲ. ಕಡ್ಡಿಗೆ ಉದ್ದವಷ್ಟೇ ಗೊತ್ತು. ನಿಂತರೆ ಪಾದ ಅಗಲವಾಗುತ್ತದೆ, ಸಂಜೆಗೆ ಊದಿಕೊಳ್ಳುತ್ತದೆ. ಬೂಟು ಕೊಳ್ಳುವುದಾದರೆ ಸಂಜೆಯೇ ಕೊಳ್ಳಬೇಕು, ಮಗುವನ್ನು ಅಂಗಡಿಯಲ್ಲೇ ನಿಲ್ಲಿಸಿ. ದೊಡ್ಡ ಜೋಡಿ ತೆಗೆಸಿ, ತೊಡಿಸಿ ನಡೆಸಿದೆ. ನೀಲಮ್ಮ ನಿಲ್ಲಿಸಿದರೂ ನಿಲ್ಲದೆ ನಡೆದಳು.

ಬರುವಾಗ ಬಂಡಿಯಲ್ಲಿ ನನ್ನ ಚಪ್ಪಲಿ ಬಿಚ್ಚಿಟ್ಟೆ. ಮದುವೆಗೆ ತಂದವು, ಆಮೇಲೆ ತಂದವು, ಎಲ್ಲ ಕಡ್ಡಿಯ ಅಳತೆಯವೇ. ಎಲ್ಲವೂ ಕಚ್ಚಿದವು. ಇಷ್ಟು ವರ್ಷ ನನ್ನ ಕಾಲೇ ಸರಿಯಿಲ್ಲ ಅಂದುಕೊಂಡಿದ್ದೆ.

ಬರುವ ಭಾನುವಾರ ಮತ್ತೆ ಬಂಡಿ ಕಟ್ಟಿಸುತ್ತೇನೆ. ಈ ಸಲ ನನ್ನ ಕಾಲಿಗೆ.