ಇಪ್ಪತ್ತೊಂದನೇ ಭಾನುವಾರ, ನುಗ್ಗೇಹಳ್ಳಿ

ಹಾಸನ
೪ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಕ್ಕ,

ನಿನಗೂ ಭಾವನವರಿಗೂ ನಮಸ್ಕಾರ. ಅರಕಲಗೂಡಿನಲ್ಲಿ ಎಲ್ಲರೂ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ದಸರಾದಲ್ಲಿ ಬರೆಯಬೇಕಿದ್ದ ಕಾಗದ ದೀಪಾವಳಿಯನ್ನೂ ದಾಟಿಬಿಟ್ಟಿತು, ಬೈಯಬೇಡ. ರಾಗಿ ಕೊಯ್ಲು ಹತ್ತಿರ ಬಂತೆಂದರೆ ಎಲ್ಲರಿಗೂ ಒಟ್ಟಿಗೇ ಟ್ರ್ಯಾಕ್ಟರಿನ ನೆನಪಾಗುತ್ತದೆ. ನಮ್ಮ ಶೋರೂಮಿನ ಮುಂದೆ ಸರ್ವೀಸಿಗೆ ಸಾಲುಗಟ್ಟಿ ನಿಂತಿವೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಿದರೆ ಭಾವ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತುಬಿಡುತ್ತಾರೆ. ‘ಊಟ ಆಯ್ತು, ಚೆನ್ನಾಗಿದೀನಿ’ ಅಂದು ಇಟ್ಟುಬಿಡಬೇಕಾಗುತ್ತದೆ. ಈ ಸಾಲನ್ನು ಮಾತ್ರ ಅವರಿಗೆ ಓದಿ ಹೇಳಬೇಡ.

ಮೊದಲು ವಿಷಯ ಹೇಳಿಬಿಡುತ್ತೇನೆ. ಮಕ್ಕಳ ತಾಯಿ ಕೋರ್ಟಿಗೆ ಇನ್ನೊಂದು ಅರ್ಜಿ ಹಾಕಿದ್ದಾಳೆ. ಭವ್ಯಶ್ರೀಗೆ ಬರುವ ವರ್ಷ ಎಸ್ಸೆಸ್ಸೆಲ್ಸಿ, ಭಾನುವಾರವೂ ಟ್ಯೂಷನ್ ಇರುತ್ತದೆ, ಆದ್ದರಿಂದ ಅಪ್ಪನ ಜೊತೆ ಹೋಗುವುದನ್ನು ಮಗುವಿನ ಇಷ್ಟಕ್ಕೇ ಬಿಡಬೇಕು ಅಂತ. ಅವಳು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಅದೇ ನನಗೆ ಕಷ್ಟ. ಇದೇ ಹದಿನೆಂಟಕ್ಕೆ ಜಡ್ಜು ಭವ್ಯಳನ್ನು ಒಳಗೆ ಕರೆಸಿ ಕೇಳುತ್ತಾರಂತೆ. ಅವಳು ಬರುವುದಿಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಏಳು ವರ್ಷದ ಅನುಶ್ರೀ ಅಕ್ಕನನ್ನು ಬಿಟ್ಟು ಬಸ್ಸು ಹತ್ತುವವಳಲ್ಲ. ಒಬ್ಬಳು ನಿಂತರೆ ಇಬ್ಬರೂ ನಿಂತ ಹಾಗೆಯೇ.

ಕೋರ್ಟು ನನಗೆ ಕೊಟ್ಟಿರುವುದು ತಿಂಗಳಿಗೆ ಒಂದೇ ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಜಿಲ್ಲೆ ದಾಟುವಂತಿಲ್ಲ. ನನ್ನ ಬಾಡಿಗೆ ಕೋಣೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಏನು ಮಾಡಲಿ? ಸಾಲಗಾಮೆಯ ನಮ್ಮ ಮನೆಗೆ ಕರೆದೊಯ್ದರೆ ನೆಂಟರೆಲ್ಲ ಬಂದು ಅವರ ಗಲ್ಲ ಹಿಡಿದು ಅಳುತ್ತಾರೆ. ಅದಕ್ಕೇ ತಿಂಗಳಿಗೊಂದು ಗುಡಿ. ಬೇಲೂರು, ಹಳೇಬೀಡು, ಮೊಸಳೆ, ದೊಡ್ಡಗದ್ದವಳ್ಳಿ, ಹಾರನಹಳ್ಳಿ, ಹೊಳೆನರಸೀಪುರ ಎಲ್ಲ ಆಯಿತು. ಶ್ರವಣಬೆಳಗೊಳದ ಬೆಟ್ಟ ಎರಡು ಸಲ ಹತ್ತಿಸಿದೆ. ಶನಿವಾರ ಯೂಟ್ಯೂಬ್ ನೋಡಿ ಬಾಯಿಪಾಠ ಮಾಡುವುದು, ಭಾನುವಾರ ಮಕ್ಕಳಿಗೆ ಒಪ್ಪಿಸುವುದು. ಹೊಯ್ಸಳರು ಇಷ್ಟೊಂದು ಕಟ್ಟಿಸದೇ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಮೊನ್ನೆಯದು ಇಪ್ಪತ್ತೊಂದನೇ ಭಾನುವಾರ. ಒಂಬತ್ತಕ್ಕೆ ಸರಿಯಾಗಿ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಲಕ್ಕಯ್ಯ ಮಾವ ಇಬ್ಬರನ್ನೂ ಕರೆದುಕೊಂಡು ನಿಂತಿದ್ದರು. ಈಗಲೂ ಮಾವ ಅಂತಲೇ ಕರೆಯುತ್ತೇನೆ. ಕೋರ್ಟು ನನ್ನ ಮದುವೆಯನ್ನು ರದ್ದು ಮಾಡಿತೇ ಹೊರತು ಮಾವನನ್ನಲ್ಲ.

“ಅಯ್ದಕ್ಕೆ ಕರ್ಕಂಬಂದ್ಬುಡಪ್ಪ. ಓದ್ಸಲ ಅಯ್ದೂ ಕಾಲಾಗೋಗಿತ್ತು” ಅಂದರು.

“ಬಸ್ಸು ಲೇಟಾಯ್ತು ಮಾವ.”

“ನಂಗೊತ್ತು ಕಣಪ್ಪ. ಮನೇಲಿ ಗಡಿಯಾರ ನೋಡ್ಕಂಡು ಕುಂತಿರೋರ್ಗೆ ಯಾರ್ ಏಳಾದು?” ಅಂದವರು ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು, “ನೀನೂ ತಿನ್ನು, ಬರೀ ಮಕ್ಳಿಗೇ ಕೊಟ್ಬುಟ್ಟೀಯ” ಅಂದರು.

ಹಿಂದಿನ ದಿನವಷ್ಟೇ ರಾಜ್ಯೋತ್ಸವ ಮುಗಿದಿದ್ದರಿಂದ ಬಸ್ಸಿನ ಮುಂದೆ ಬಾವುಟ ಹಾಗೇ ಇತ್ತು. ಕಂಡಕ್ಟರ್ ಮಕ್ಕಳಿಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟು, “ಗಂಡುಸ್ರು ಮಾತ್ರ ಕಾಸು ಬಿಚ್ಚಿ ಸಾ” ಅಂದ. ಅನು ಅದನ್ನು ಬಸ್ಸಿಗೆಲ್ಲ ಕೇಳುವ ಹಾಗೆ ಮೂರು ಸಲ ಹೇಳಿದಳು. ಭವ್ಯ ಕಿಟಕಿ ಪಕ್ಕ ಕೂತು ವಿಜ್ಞಾನದ ಪುಸ್ತಕ ತೆರೆದಳು. ನುಗ್ಗೇಹಳ್ಳಿ ಬರುವವರೆಗೂ ಒಂದೇ ಪುಟ.

ಊರು ಸಣ್ಣದು, ದೇವಸ್ಥಾನ ಮಾತ್ರ ಬಲು ಚೆನ್ನಾಗಿದೆ. ಲಕ್ಷ್ಮೀನರಸಿಂಹನ ಗುಡಿ, ಸುಮಾರು ಎಂಟುನೂರು ವರ್ಷದ್ದು. ನಾನು ಸ್ವಾಮಿಯ ಕೈಲಿರುವ ಶಂಖ, ಚಕ್ರದ ಲೆಕ್ಕ ಶುರು ಮಾಡಿದೆ. ಭವ್ಯ, “ಅಪ್ಪ, ಇದನ್ನ ಮೊಸಳೇಲೂ ಹೇಳಿದ್ದೆ” ಅಂದಳು.

ಆದರೆ ಹೊಸದೂ ಒಂದು ಇತ್ತು. ಇಲ್ಲಿನ ಹೊರಗೋಡೆಯನ್ನು ಇಬ್ಬರು ಶಿಲ್ಪಿಗಳು ಪಾಲು ಮಾಡಿಕೊಂಡು ಕೆತ್ತಿದ್ದಾರೆ. ಒಂದು ಪಕ್ಕ ಬೈಚೋಜ, ಇನ್ನೊಂದು ಪಕ್ಕ ಮಲ್ಲಿತಮ್ಮ. ವಿಗ್ರಹಗಳ ಕೆಳಗೆ ಹೆಸರನ್ನೂ ಕೊರೆದಿದ್ದಾರೆ. ಅನು ಕೇಳಿದಳು, “ಅವರಿಬ್ರೂ ಜಗಳ ಆಡಿದ್ರಾ?”

“ಇಲ್ಲ ಮಗ, ಕೆಲಸ ಬೇಗ ಮುಗೀಲಿ ಅಂತ ಹಂಚ್ಕೊಂಡ್ರು.”

“ಜಗಳ ಆಡಿದ್ರೆ ಗುಡಿ ಅರ್ಧಕ್ಕೇ ನಿಲ್ತಿತ್ತು ಕಣೇ” ಅಂದಳು ಭವ್ಯ. ನಾನು ಬಾಳೆಹಣ್ಣು ಸುಲಿಯತೊಡಗಿದೆ.

ಮಧ್ಯಾಹ್ನ ಮರದ ನೆರಳಲ್ಲಿ ನಾನೇ ಮಾಡಿದ ಚಿತ್ರಾನ್ನ ಬಿಚ್ಚಿದೆ. ಎರಡು ಸಲ ಉಪ್ಪು ಹಾಕಿದ್ದೆ ಅಂತ ಕಾಣುತ್ತದೆ. ಅನು ಒಂದು ತುತ್ತಿಗೇ ನಾಲಿಗೆ ಹೊರಗೆ ಹಾಕಿದಳು. ಭವ್ಯ ಮಾತಾಡದೆ ಪೂರ್ತಿ ತಿಂದಳು. ಸ್ವಂತ ಮಗಳಾದರೆ ಉಪ್ಪಾಗಿದೆ ಅಂತ ಬೈಯಬೇಕಲ್ಲವೇ, ನೆಂಟರ ಮಗಳ ಹಾಗೆ ತಿನ್ನುತ್ತಾರೆಯೇ? ತಿಪಟೂರಿನಿಂದ ಬಂದಿದ್ದ ಒಂದು ಕುಟುಂಬ ಪಕ್ಕದಲ್ಲೇ ಕೂತಿತ್ತು. ಆ ಹೆಂಗಸು “ಇವರಮ್ಮ ಬರಲಿಲ್ವಾ?” ಅಂದಾಗಲೂ ಉತ್ತರ ಕೊಟ್ಟವಳು ಭವ್ಯಳೇ. “ಮನೇಲಿದಾರೆ ಆಂಟಿ” ಅಂದಳು. ಸುಳ್ಳೇನಲ್ಲ.

ಹದಿನೆಂಟಕ್ಕೆ ಏನು ಹೇಳುತ್ತೀಯ ಅಂತ ಅವಳನ್ನು ಕೇಳಬೇಕೆಂದು ಬೆಳಗಿನಿಂದ ಕಾದಿದ್ದೆ. ಗುಡಿಯಲ್ಲಿ ಬೇಡ ಅಂದುಕೊಂಡೆ, ಊಟದ ಹೊತ್ತಿನಲ್ಲಿ ಬೇಡ ಅಂದುಕೊಂಡೆ. ವಾಪಸು ಬರುವಾಗ ಅನು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಆಗ ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದವನು ಕೇಳಿದ್ದು, “ಟ್ಯೂಷನ್ ಎಷ್ಟು ಗಂಟೆಗೆ ಮಗ?” ಅಂತ. ಅವಳು ಹೇಳಿದಳು. ನಾನು ತಲೆಯಾಡಿಸಿದೆ. ಐದಕ್ಕೆ ಇಪ್ಪತ್ತು ನಿಮಿಷ ಇರುವಾಗಲೇ ಚನ್ನರಾಯಪಟ್ಟಣ ಸೇರಿದೆವು. ಮಾವ ಬಂದು ಗಡಿಯಾರ ನೋಡಿ ಖುಷಿಪಟ್ಟು ಮಕ್ಕಳನ್ನು ಕರೆದುಕೊಂಡು ಹೋದರು.

ಒಟ್ಟಿನಲ್ಲಿ ದಿನ ಚೆನ್ನಾಗಿಯೇ ಕಳೆಯಿತು. ನಿನ್ನ ಮಂಡಿನೋವು ಈಗ ಹೇಗಿದೆ? ಎಣ್ಣೆ ತಂದಿಟ್ಟರೆ ಸಾಲದು, ಹಚ್ಚಿಕೊಳ್ಳಬೇಕು. ಮಂಜೇಶನಿಗೂ ಅವನ ಪಾಪುವಿಗೂ ಸೋದರಮಾವನ ಆಶೀರ್ವಾದ ತಿಳಿಸು. ಮಕ್ಕಳಿಗೆ ಒಳ್ಳೆಯದಾಗಲಿ ಅಂತ ದೀಪ ಹಚ್ಚುವಾಗ ನೀನೂ ಒಂದು ಮಾತು ಕೇಳಿಕೋ.

ನಿನ್ನ ತಮ್ಮ,
ಶಾಂತರಾಜು

ಮ.ವಿ.: ಕವರಿಗೆ ಅಂಟು ಹಚ್ಚುವ ಮುಂಚೆ ಕಾಗದವನ್ನು ಮತ್ತೆ ಹೊರಗೆ ತೆಗೆದೆ. ಬಸ್‌ಸ್ಟ್ಯಾಂಡಿನ ಆ ಇಪ್ಪತ್ತು ನಿಮಿಷದ ಸಂಗತಿ ನಿನಗೆ ಬರೆದಿಲ್ಲ.

ಬೆಂಚಿನ ಮೇಲೆ ಕೂತಿದ್ದೆವು. ಭವ್ಯ ಕೇಳಿದಳು, “ಅಪ್ಪ, ಜಡ್ಜು ಎರಡು ಭಾನುವಾರ ಕೊಡ್ತೀನಿ ಅಂದಾಗ ನೀನೇ ಒಂದು ಸಾಕು ಅಂದ್ಯಂತೆ. ಅಮ್ಮ ಹೇಳಿದ್ದಲ್ಲ. ಮನೇಲಿ ಆರ್ಡರ್ ಕಾಪಿ ಇತ್ತು, ಓದ್ದೆ. ನಿಜಾನಾ?”

ನಿಜ ಅಕ್ಕ. ಕೋರ್ಟು ಒಂದೇ ಕೊಟ್ಟಿತು ಅಂತ ನಿನಗೂ ಊರಿಗೂ ಹೇಳಿಕೊಂಡು ತಿರುಗಿದೆ. ಈ ಕಾಗದದಲ್ಲೂ ಹಾಗೇ ಬರೆದಿದ್ದೇನೆ, ನೋಡು. ಅವತ್ತು ಜಡ್ಜು “ತಿಂಗಳಿಗೆ ಎರಡು ಭಾನುವಾರ ಆಗಬಹುದೇನ್ರಿ?” ಅಂದರು. ನಾನು “ಒಂದು ಸಾಕು ಸಾ” ಅಂದೆ. ಅವ್ವ ಎರಡನೇ ಮುದ್ದೆ ತಂದಾಗ ಹಸಿವಿದ್ದರೂ ತಟ್ಟೆಗೆ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಅನ್ನುತ್ತಿದ್ದೆವಲ್ಲ, ಹಾಗೆ. ಅವ್ವ ನಮ್ಮ ಕೈ ಸರಿಸಿ ಹಾಕುತ್ತಿದ್ದಳು. ಉಣ್ಣುವವನು ಬೇಡ ಅನ್ನಬೇಕು, ಬಡಿಸುವವರು ಒತ್ತಾಯ ಮಾಡಬೇಕು. ನನಗೆ ಗೊತ್ತಿದ್ದ ಮರ್ಯಾದೆ ಅದೊಂದೇ. ಎದುರಿಗೆ ಮಕ್ಕಳ ತಾಯಿಯೂ ಅವಳ ಲಾಯರೂ ಇದ್ದರು, ಅವರ ಮುಂದೆ ಆಸೆಬುರುಕನ ಹಾಗೆ ಕೈ ಒಡ್ಡಲಾರದೆ ಹೋದೆ. ಯಾರಾದರೂ ಇನ್ನೊಂದು ಸಲ ಕೇಳುತ್ತಾರೆ ಅಂತ ನಿಂತಿದ್ದೆ. ಜಡ್ಜು ಬರೆದುಕೊಂಡು ಮುಂದಿನ ಕೇಸು ಕರೆದರು.

ಇದನ್ನೆಲ್ಲ ಭವ್ಯಳಿಗೂ ಹೀಗೇ ಹೇಳಿದೆ. ಅವಳು ನಗಲಿಲ್ಲ, ಅಳಲೂ ಇಲ್ಲ. ಅಷ್ಟರಲ್ಲಿ ಮಾವ ರಸ್ತೆ ದಾಟಿ ಬರುತ್ತಿರುವುದು ಕಂಡಿತು. ಅವಳು ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಅಂದಳು:

“ಹದಿನೆಂಟಕ್ಕೆ ನನ್ನ ಕೇಳ್ತಾರಲ್ಲ, ನಾನೂ ಸಾಕು ಅಂತೀನಿ. ನೀನು ಒತ್ತಾಯ ಮಾಡ್ತೀಯಾ?”

ಮಾವ ಬಂದುಬಿಟ್ಟರು.

ಅಕ್ಕ, ಹದಿನೆಂಟು ಮಂಗಳವಾರ, ಹತ್ತೂವರೆಗೆ ಕೋರ್ಟು. ಮಂಡಿನೋವು ಅನ್ನಬೇಡ, ಮೊದಲನೇ ಬಸ್ಸಿಗೇ ಹೊರಟು ಬಾ. ನನ್ನ ಹಿಂದೆಯೇ ನಿಂತಿರು. ಭವ್ಯಳನ್ನು ಕೇಳಿದ ಮೇಲೆ ಜಡ್ಜು ನನ್ನನ್ನೂ ಕೇಳುತ್ತಾರೆ, ಆಗ ನಾನು ಬಾಯಿ ಬಿಡದೆ ನಿಂತರೆ ಬೆನ್ನಿಗೆ ಒಂದು ಗುದ್ದು.