ಫ್ಲಾಸ್ಕಿನಲ್ಲಿರೋ ಸಕ್ಕರೆ ನೀರು

ರೀ,

ಅರಿವಳಿಕೆ ಡಾಕ್ಟರನ್ನ ಆಪರೇಷನ್‌ಗೆ ಮುಂಚೆ ಹಿಡೀಬೇಕು, ಅದಕ್ಕೆ ನಾನು ಮೊದಲೇ ಆಸ್ಪತ್ರೆಗೆ ಹೋಗ್ತಿದ್ದೀನಿ.

ಪುಟ್ಟಿಗೆ ಸರಿಯಾಗಿ ಎಂಟಕ್ಕೆ ಫ್ಲಾಸ್ಕಿನಲ್ಲಿರೋ ಸಕ್ಕರೆ ನೀರು ಪೂರ್ತಿ ಕುಡಿಸಿ ಕರ್ಕೊಂಡು ಬನ್ನಿ. ಆಪರೇಷನ್ ದಿನ ಯಾಕೆ ಕುಡಿಸಿದ್ರಿ ಅಂತ ಯಾರಾದ್ರೂ ಬೈದರೆ ಬೈಸಿಕೊಳ್ಳಿ. ಡಾಕ್ಟರೇ ಬರೆದುಕೊಟ್ಟ ಕಾಗದ ನೀಲಿ ಫೈಲಿನಲ್ಲಿದೆ, ತೋರಿಸಿ. ಇವಳ ಅಣ್ಣನಿಗಿದ್ದ ಹುಟ್ಟುಕಾಯಿಲೆಯೇ ಇವಳಿಗೂ ಇದೆ, ಹಸಿದಿದ್ದರೆ ಜೀವಕ್ಕೇ ಅಪಾಯ ಅಂತ ಬಾಯಿಬಿಟ್ಟು ಹೇಳಿ. ಗ್ಲೂಕೋಸ್ ಡ್ರಿಪ್ ಹಾಕದೆ ಒಳಗೆ ಬಿಡಬೇಡಿ. ಎಲ್ಲದಕ್ಕೂ ತಲೆಯಾಡಿಸೋ ಬುದ್ಧಿನ ಇವತ್ತೊಂದು ದಿನ ಮನೇಲೇ ಬಿಟ್ಟು ಬನ್ನಿ.

ಅವಳ ಸ್ವೆಟರ್ ಕುರ್ಚಿ ಮೇಲಿದೆ.

ನಿಮ್ಮನ್ನ ಬೈದು ಏನು ಬಂತು. ದೊಡ್ಡವನು ಆಪರೇಷನ್ ಆಗಿ ಮತ್ತೆ ಕಣ್ಣೇ ಬಿಡಲಿಲ್ಲವಲ್ಲ, ಅವತ್ತು ಬೆಳಿಗ್ಗೆ ಹಸಿವು ಅಂತ ಅತ್ತಾಗ ಏನೂ ಕೊಡದೆ ಗದರಿಸಿದ್ದು ನಾನೇ. “ಹೇಳಿದ ಮಾತು ಕೇಳೋ ಅಮ್ಮ ಅಂದ್ರೆ ನೀವು” ಅಂತ ನರ್ಸ್ ಎಲ್ಲರೆದುರು ಹೊಗಳಿದ್ದಳು.